ಕಮಲಾಳ ಮನೆಯ ಸಭೆ

ಟೋಕಿಯೋ ಪಕ್ಕದ ಗ್ಯೋಟೋಕುವಿನ ಎರಡು ಕೋಣೆಯ ಮನೆಯಲ್ಲಿ ಕಮಲಾ ಆರು ವರ್ಷದಿಂದ ಪ್ರತಿ ಭಾನುವಾರ ಪ್ರಾರ್ಥನಾ ಸಭೆ ನಡೆಸಿಕೊಂಡು ಬಂದಿದ್ದಳು. ನಡೆಸುವುದೆಂದರೆ ಬೇರೇನಲ್ಲ, ಬೇಯಿಸಿ ಬಡಿಸುವುದು. ಮೊದಲು ನಾಲ್ಕು ಜನ ಕನ್ನಡ ಕ್ರೈಸ್ತರಿದ್ದರು, ಈಗ ಮೂವತ್ತೊಂದು. ಅವರು ಹಾಡುವಾಗ ಅವಳು ಅಕ್ಕಿ ತೊಳೆಯುತ್ತಿದ್ದಳು, ಪ್ರಸಂಗದ ಹೊತ್ತಿಗೆ ಈರುಳ್ಳಿ ಹೆಚ್ಚುತ್ತಿದ್ದಳು. ಸೋಮವಾರ ಬೆಳಿಗ್ಗೆ ಸಿಹಿ ಪೊಟ್ಟಣ ಹಿಡಿದು, ಕೆಳಮನೆಯ ಅಜ್ಜಿಗೆ ಬಗ್ಗಿ ಬಗ್ಗಿ ‘ಸುಮಿಮಾಸೆನ್’ ಎಂದು ಗದ್ದಲಕ್ಕೆ ಕ್ಷಮೆ ಕೇಳುವುದೂ ಅವಳ ಪಾಲಿನದೇ. ಸೊಂಟ ಬಿದ್ದುಹೋಗಿತ್ತು. ಇವತ್ತು ಏನಾದರಾಗಲಿ, ಇನ್ನು ನನ್ನ ಕೈಲಾಗದು ಎಂದು ಹೇಳಿಬಿಡಬೇಕೆಂದಿದ್ದಳು.

ಅಂದು ಮಾತಾಡಲು ಕರೆಸಿದ್ದು ಶ್ರೀಪಾದನನ್ನು. ಅವನು ಕ್ರೈಸ್ತನೇನಲ್ಲ; ಟೋಕಿಯೋದಲ್ಲಿ ಆದಿ ಕ್ರೈಸ್ತ ಸಭೆಯ ಇತಿಹಾಸದ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದ. ಮೊದಮೊದಲು ಚರ್ಚ್ ಕಟ್ಟಡಗಳೇ ಇರಲಿಲ್ಲ, ಯಾರದಾದರೂ ಮನೆಯಲ್ಲಿ, ಎಷ್ಟೋ ಸಲ ಹೆಂಗಸರ ಮನೆಯಲ್ಲಿ, ಸೇರಿ ಒಟ್ಟಿಗೆ ಉಣ್ಣುತ್ತಿದ್ದರು, ಸಭೆ ಬೆಳೆದಂತೆ ಹಿರಿಯರು, ಬಿಷಪ್ಪರು, ಕಟ್ಟುಪಾಡುಗಳು ಬಂದವು ಎಂದ.

ಹಾಡು ನಡೆಸುವ ಅಶೋಕ ಇದನ್ನೇ ಕಾಯುತ್ತಿದ್ದವನಂತೆ ಕಾಗದ ಹಿಡಿದು ಎದ್ದ. “ನಾವೂ ಆರ್ಗನೈಸ್ ಆಗ್ಬೇಕು. ಇಚಿಕಾವಾ ಸ್ಟೇಷನ್ ಹತ್ರ ಹಾಲ್ ಸಿಕ್ಕಿದೆ.” ಐವರು ಹಿರಿಯರ ಹೆಸರು ಓದಿದ. ಐವರೂ ಗಂಡಸರು, ಮೊದಲ ಹೆಸರು ಅವನದೇ.

ಕಮಲಾಳಿಗೆ ಹೋದ ಜೀವ ಬಂದಂತಾಯಿತು. ಬಾಯಿ ಬಿಡುವ ಮೊದಲೇ ಬಿಡುಗಡೆ!

“ಕಮಲಕ್ಕ, ಅಲ್ಲಿ ಅಡುಗೆ ಮಾಡೋ ಹಾಗಿಲ್ಲ. ನೀವು ಇಲ್ಲೇ ಮಾಡಿ ತಂದ್ಬಿಡಿ. ಟ್ರೇನಲ್ಲಿ ಒಂದೇ ಚೇಂಜು,” ಎಂದ ಅಶೋಕ.

ಅವಳು ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಹೊರಗೆ ಬಂದಳು. “ಶ್ರೀಪಾದ, ಆಗ ಮನೆ ಕೊಟ್ಟಿದ್ದ ಹೆಂಗಸರಿದ್ರಲ್ಲ, ಬಿಷಪ್ಪರು ಬಂದ್ಮೇಲೆ ಅವರು ಏನಾದ್ರು?”

“ಕೆಲವರ ಹೆಸರು ಆ ಕಾಲದ ಪತ್ರಗಳಲ್ಲಿ ಸಿಗತ್ತೆ ಅಕ್ಕ. ಆಮೇಲೆ ಜಾಸ್ತಿ ಗೊತ್ತಾಗಲ್ಲ.”

“ಅವರಿಗೆ ಸುಸ್ತಾಗಿತ್ತಾ?”

“ಅದನ್ನ ಯಾರೂ ಬರೆದಿಟ್ಟಿಲ್ಲ.”

ಕಮಲಾ ಏಪ್ರನ್ ಬಿಚ್ಚಿ, ಜನರ ನಡುವೆ ಜಾಗ ಮಾಡಿಕೊಂಡು ಕುಳಿತಳು. “ಮುಂದುವರಿಸಿ. ಹಾಲ್‌ಗೆ ನಾನು ಬರೀ ಕೈಯಲ್ಲಿ ಬರ್ತೀನಿ, ಎಲ್ರ ಹಾಗೆ.”

ಅಷ್ಟರಲ್ಲಿ ಅನ್ನ ಸೀಯುವ ವಾಸನೆ ಬಂತು. ಎಲ್ಲರ ಮುಖಗಳೂ ಅವಳತ್ತ ತಿರುಗಿದವು. ರೂಢಿಯಿಂದ ಏಳಹೊರಟ ಮಂಡಿಯನ್ನು ಅವಳು ಕೈಯಿಂದ ಅದುಮಿ ಹಿಡಿದಳು. ಕೊನೆಗೆ ಅಶೋಕನೇ ಒಳಗೆ ಓಡಿದ.

“ಅಕ್ಕ,” ಅವನ ದನಿ ಅಡುಗೆಮನೆಯಿಂದ ಬಂತು, “ಈ ಒಲೆ ಆರ್ಸೋದು ಹೇಗೆ?”