ಬಿಳಿ ಹಲ್ಲಿನ ತಪ್ಪು

ಮೇರು ಬೆಟ್ಟದ ಬುಡದಲ್ಲಿ ಹುಟ್ಟಿದವರ ಗುರುತು ಬಾಯಲ್ಲೇ ಇರುತ್ತದೆ: ಕಂದು ಹಲ್ಲು. ಎದುರಿಗೆ ಬಂದವನು ಕಳ್ಳನೋ ನಮ್ಮವನೋ ಎಂದು ತುಟಿ ಎತ್ತಿ ನೋಡಿ ತೀರ್ಮಾನಿಸುವ ಮೂರ್ಖರು ನಾವು.

ಆ ಬೆಳಿಗ್ಗೆ ಮುದುಕ ನಾಸಾರಿಯ ಹೋರಿ ಕಳುವಾಗಿತ್ತು. ಕೂಗು ಕೇಳಿ ಊರೇ ದೊಣ್ಣೆ ಹಿಡಿದು ಓಡಿತು. ನಾನು ತಲುಪುವಷ್ಟರಲ್ಲಿ ಬಾಳೆತೋಟದ ದಾರಿಯಲ್ಲಿ ಒಬ್ಬನನ್ನು ಕೆಡವಿ ತುಳಿಯುತ್ತಿದ್ದರು. ಎಡಗಿವಿಯ ಸುಟ್ಟ ಕಲೆ ನೋಡಿ ಗುರುತು ಹಿಡಿದೆ. ಹನ್ನೆರಡನೇ ವಯಸ್ಸಿಗೆ ಊರು ಬಿಟ್ಟು, ಹದಿಮೂರು ವರ್ಷದ ಮೇಲೆ ಟಾಂಗಾ ಬಂದರಿನಿಂದ ಮನೆಗೆ ಬರುತ್ತಿದ್ದ ನನ್ನ ತಮ್ಮ ಎಲಿಯಮಾನಿ!

"ಬಿಡ್ರೋ! ನನ್ನ ತಮ್ಮ ಕಣ್ರೋ ಅವನು!"

ನಾಸಾರಿ ಅವನ ತುಟಿ ಹಿಡಿದೆಳೆದ. "ಹಾಲಿನ ಥರ ಹಲ್ಲು ನೋಡು! ಎಲ್ಲಿ, ನಿನ್ನ ಬಾಯಿ ತೆಗಿಯಮ್ಮ. ಒಂದೇ ಹೊಟ್ಟೇಲಿ ಹುಟ್ಟಿದೋರಾ ನೀವು? ಯಾರ ಕಿವಿ ಮೇಲೆ ಹೂವಿಡ್ತೀಯ?"

ಎಲ್ಲರೂ ನಕ್ಕರು. ನನ್ನ ಹಲ್ಲೇ ಅವನ ವಿರುದ್ಧ ಸಾಕ್ಷಿ ಹೇಳಿತು.

ನನ್ನ ಈ ಕಂದು ಹಲ್ಲು ನೋಡಿಯೇ ಅಮ್ಮ ಎಚ್ಚೆತ್ತದ್ದು. ನಮ್ಮ ಬಾವಿ ನೀರಲ್ಲಿ ಫ್ಲೋರೈಡ್ ಇದೆ, ಕಾಳು ಬೇಗ ಬೇಯಲೆಂದು ಹಾಕುವ ಮಗಾದಿ ಉಪ್ಪಿನಲ್ಲೂ ಇದೆ ಎಂದು ನರ್ಸಮ್ಮ ಹೇಳಿದ್ದಳು. ಸ್ವಲ್ಪವಾದರೆ ಹಲ್ಲು ಗಟ್ಟಿ, ಮಿತಿಮೀರಿದರೆ ಒಸಡಿನೊಳಗೆ ಬೆಳೆಯುವಾಗಲೇ ಕೆಡುತ್ತದೆ. ಎಂಟು ವರ್ಷ ಕಾಪಾಡಿದರೆ ಆಮೇಲೆ ಕಲೆ ಹಿಡಿಯದು. ತಮ್ಮ ಹುಟ್ಟಿದ ಮೇಲೆ ಅಮ್ಮ ಎಂಟು ವರ್ಷ ಮೇಲಿನ ತೊರೆಯಿಂದ ನೀರು ಹೊತ್ತಳು. ಅವನ ಕಾಳು ಬೇರೆ ಮಡಕೆಯಲ್ಲಿ, ಮಗಾದಿ ಇಲ್ಲದೆ ಬೇಯುತ್ತಿತ್ತು. ನನಗೆ ಹೊಟ್ಟೆ ಉರಿಯುತ್ತಿತ್ತು. "ರಾಜಕುಮಾರನ ನೀರು ಬಂತು" ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು, ನಾಸಾರಿಯೇ ಮೊದಲಿಗ.

"ತಾತ, ಆ ರಾಜಕುಮಾರ ಇವನೇ!" ಎಂದು ನಾಸಾರಿಯ ತೋಳಿಗೆ ಜೋತುಬಿದ್ದೆ. ಮುದುಕ ನನ್ನನ್ನು ಝಾಡಿಸಿ ಒದ್ದ. ಅವನ ದೊಣ್ಣೆ ತಮ್ಮನ ಬಾಯಿಗೇ ಬಿತ್ತು. ತೆಂಗಿನ ಚಿಪ್ಪು ಒಡೆದಂಥ ಸದ್ದು. ಇನ್ನೊಬ್ಬ ತಲೆಗೆ ಕಲ್ಲೆತ್ತಿದ.

ಆಗ ಅಮ್ಮ ಜನರನ್ನು ಸೀಳಿಕೊಂಡು ಬಂದು ಮಗನ ಮೇಲೆ ಬಿದ್ದಳು. ಕಲ್ಲು ಅವಳ ಬೆನ್ನಿಗೆ ಬಡಿಯಿತು. ಅವಳನ್ನು ಕಂಡೊಡನೆ ನಾಸಾರಿಗೆ ಎಲ್ಲ ನೆನಪಾಯಿತು. ದೊಣ್ಣೆ ಕೆಳಗೆ ಬಿತ್ತು.

ತಮ್ಮನಿಗೆ ಉಸಿರಿತ್ತು. ಅಮ್ಮ ರಕ್ತದ ಕೆಸರಲ್ಲಿ ತಡಕಾಡಿ ನಾಲ್ಕು ಹಲ್ಲು ಆರಿಸಿ, ಸೆರಗಿನಲ್ಲಿ ಒರೆಸಿ, ಮುದುಕನ ಅಂಗೈಯಲ್ಲಿಟ್ಟಳು.

"ಎಂಟು ವರ್ಷ ಹೊತ್ತ ನೀರು ಇದು, ನಾಸಾರಿ. ಈಗ ನೋಡು, ನಿಮ್ಮೋನ ಥರ ಕಾಣ್ತಾನಾ?"