ಕುರ್ಚಿ ಅಲ್ಲಾಡಬಾರದು

ಆ ಕುರ್ಚಿಯನ್ನು ಕಂಡ ಗಳಿಗೆಯಿಂದಲೇ ನನಗೂ ಅದಕ್ಕೂ ಆಗಿಬರಲಿಲ್ಲ. ಅಯ್ಯಪ್ಪ ಕಾರಿನ ಡಿಕ್ಕಿಯಿಂದ ಅದನ್ನು ಎರಡೂ ಕೈಯಲ್ಲಿ ಎತ್ತಿ ತಂದು ನಮ್ಮ ಮನೆಯ ಕಟ್ಟೆಯ ಮೇಲೆ ಇಟ್ಟ. ಕಪ್ಪು ಬಣ್ಣ, ತಲೆಯ ಎರಡೂ ಕಡೆ ದಪ್ಪ ಕಿವಿ, ಎದೆಯ ಮೇಲೆ ಬಿಗಿಯಲು ಪಟ್ಟಿಗಳು, ಹೊಟ್ಟೆಯ ಹತ್ತಿರ ಒಂದು ಕೆಂಪು ಗುಂಡಿ. ಮಕ್ಕಳ ಸಾಮಾನಿನ ಹಾಗೆ ಅದು ಕಾಣಲೇ ಇಲ್ಲ.

"ಇದೇನೋ ಇದು? ಯಾವುದಾರ ಕಟಿಂಗ್ ಅಂಗಡ್ಯಾಂದ ಕಿತ್ಗೊಂಡು ಬಂದಿಯೇನು?" ಅಂದೆ.

"ಕೂಸಿನ ಕುರ್ಚಿರಿ ಅತ್ತಿ. ಕಾರಿನ್ಯಾಗ ಕಟ್ಟೂದು. ಮೌನಿನ್ನ ಇದ್ರಾಗ ಕುಂದ್ರಸ್ಕೊಂಡು ಒಯ್ತೇನಿ."

ಒಯ್ಯುತ್ತಾನೆ ಎನ್ನುವುದು ಹೊಸ ಸುದ್ದಿಯಲ್ಲ. ಯುಗಾದಿ ಮುಗಿದ ಮೇಲೆ ಹಿರಿಯರು ಕೂತು, ತಂದೆ ಇರುವ ಕೂಸು ತಂದೆಯ ಹತ್ತಿರವೇ ಬೆಳೆಯಬೇಕು ಎಂದು ಮಾತು ಮುಗಿಸಿದ್ದರು. ದೋರನಹಳ್ಳಿಯ ಅಂಗನವಾಡಿಯಲ್ಲಿ ಊರ ಮಂದಿಯ ಮಕ್ಕಳ ಮೂಗು ಒರೆಸಿ, ಉಣ್ಣಿಸಿ, ಮಲಗಿಸಿ, ಹಾಡು ಕಲಿಸಿ ಕಳಿಸುವವಳು ನಾನು, ದೇವಕಮ್ಮ. ನನ್ನ ಸ್ವಂತ ಮೊಮ್ಮಗಳನ್ನು ಮಾತ್ರ ನಾನು ಸಾಕಬಾರದಂತೆ. ಅವತ್ತು ಆ ಹಿರಿಯರಿಗೆ ಚಹಾ ಸಹ ಕೊಡದೆ ಎದ್ದು ಒಳಗೆ ಹೋಗಿದ್ದೆ. ಅದರಿಂದ ಏನೂ ಬದಲಾಗಲಿಲ್ಲ.

ಅಯ್ಯಪ್ಪ ಹೊರಗಿನವನಲ್ಲ. ನನ್ನ ಅಣ್ಣನ ಮಗ, ನನ್ನ ಮಗಳು ಮಾನಮ್ಮನ ಗಂಡ. ಕೂಸಿನ ಹುಟ್ಟುಗೂದಲು, ಜವಳ ತೆಗೆಸಲೆಂದು ಇಬ್ಬರೂ ಬಾಡಿಗೆ ಜೀಪು ಮಾಡಿಕೊಂಡು ತಿಂಥಣಿಯ ಮೌನೇಶ್ವರನ ಗುಡಿಗೆ ಹೊರಟಿದ್ದರು. ಮಾನಮ್ಮ ಕೂಸನ್ನು ಉಡಿಯಲ್ಲಿ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದಳು, ಅಯ್ಯಪ್ಪ ಹಿಂದೆ. ಸುರಪುರ ದಾಟಿದ ಮೇಲೆ ಕಾಲುವೆಯ ತಿರುವಿನಲ್ಲಿ ಹತ್ತಿ ಹೇರಿದ ಟ್ರ್ಯಾಕ್ಟರ್ ಎದುರು ಬಂತು. ಕೂಸು ತಾಯಿಯ ಕೈ ತಪ್ಪಿ, ಒಡೆದ ಗಾಜಿನ ಜೊತೆಗೇ ಹೊರಗೆ ಹಾರಿ, ನೀರು ಬಿಟ್ಟಿದ್ದ ಭತ್ತದ ಗದ್ದೆಯ ಕೆಸರಿನಲ್ಲಿ ಬಿತ್ತು. ಕೆಸರಿತ್ತು ಎಂದು ಅದು ಬದುಕಿತು. ಮಾನಮ್ಮ ಬದುಕಲಿಲ್ಲ.

ಅವತ್ತಿನಿಂದ ಅಯ್ಯಪ್ಪನಿಗೆ ಉಡಿ ಎಂದರೆ ಹೆದರಿಕೆ. ಕೂಸನ್ನು ನನ್ನ ಕೈಗೆ ಕೊಟ್ಟು ಗೋವಾಕ್ಕೆ ಹೋಗಿ ಟಿಪ್ಪರ್ ಓಡಿಸತೊಡಗಿದ. ಹೋದ ವರ್ಷ ಲಾಲಮ್ಮನನ್ನು ಮದುವೆಯಾದ. ಅವಳು ಅಲ್ಲಿ ಮನೆಗೆಲಸಕ್ಕೆ ಹೋಗುತ್ತಾಳೆ. ಒಂದು ಮನೆಯ ಮಾಲಕಿ ತನ್ನ ಮಗು ದೊಡ್ಡದಾಯಿತೆಂದು ಈ ಕುರ್ಚಿಯನ್ನು ಕೊಟ್ಟಳಂತೆ. ಅಯ್ಯಪ್ಪ ಫೋನಿನಲ್ಲಿ ಮೊದಲೇ ಹೇಳಿದ್ದ: "ಕುರ್ಚಿ ಗಟ್ಟಿ ಕುಂತ್ರ ಕೂಸಿನ್ನ ಒಯ್ತೇನಿ ಅತ್ತಿ. ಇಲ್ಲಾಂದ್ರ ಇಲ್ಲ. ಯಾರ ಉಡ್ಯಾಗೂ ಕುಂದ್ರಸಂಗಿಲ್ಲ." ಊರು, ಹಿರಿಯರು, ದೇವರು ಎಲ್ಲರೂ ಅವನ ಕಡೆಗಿದ್ದಾಗ ನನ್ನ ಕಡೆಗೆ ಇದ್ದದ್ದು ಈ ಒಂದು ಮಾತು. ಕುರ್ಚಿ ಗಟ್ಟಿ ಕೂಡದಿದ್ದರೆ ಮೌನಿ ನನ್ನ ಹತ್ತಿರ ಉಳಿಯುತ್ತಾಳೆ.

ಮೌನಿ ಆಗಲೇ ಕಾರು ಹತ್ತಿ ಹಾರ್ನ್ ಒತ್ತುತ್ತಿದ್ದಳು. ಮೌನೇಶ್ವರನ ಹೆಸರು ಇಟ್ಟಿದ್ದೇವೆ, ಬಾಯಿ ಮಾತ್ರ ಸಂತೆ. ಬೆಳಿಗ್ಗೆ ಅಪ್ಪನನ್ನು ಕಂಡು "ಕಾಕಾ ಬಂದಾನ, ಕಾಕಾ ಬಂದಾನ" ಎಂದು ಕೂಗಿದ್ದಳು. ಅಯ್ಯಪ್ಪ ತಲೆ ತಗ್ಗಿಸಿ ಕಾಲು ತೊಳೆಯಲು ಹೋಗಿದ್ದ. ನನಗೆ ಪಾಪ ಅನಿಸಿತು, ಖರೆ ಹೇಳಬೇಕೆಂದರೆ ಒಳಗೊಳಗೆ ಸಂತೋಷವೂ ಆಯಿತು.

ಅವನು ಕುರ್ಚಿಯನ್ನು ಹಿಂದಿನ ಸೀಟಿನ ಮೇಲೆ ಇಟ್ಟು ಕಾರಿನ ಬೆಲ್ಟು ಎಳೆದ. ಬೆಲ್ಟು ಬಂತು, ಅದನ್ನು ಸಿಗಿಸುವ ಲಾಕು ಇರಲಿಲ್ಲ. ಹಳೆಯ ಕಾರು ಅದು. ನಮ್ಮ ಕಡೆಯವರು ಕಾರು ಕೊಂಡ ಕೂಡಲೇ ದಪ್ಪ ರೆಕ್ಸಿನ್ನಿನ ಕವರ್ ಹೊಲಿಸುತ್ತಾರೆ. ಹಿಂದೆ ಕೂತವರಿಗೆ ಚುಚ್ಚುತ್ತದೆ ಎಂದು ಲಾಕುಗಳನ್ನೂ ಒಳಗೇ ಹಾಕಿ ಹೊಲಿದುಬಿಡುತ್ತಾರೆ. ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿದವರನ್ನು ನಾನಂತೂ ಈ ಊರಲ್ಲಿ ಕಂಡಿಲ್ಲ. ಕೂಸೇ ಇಲ್ಲದೆ ಕುರ್ಚಿ ಏನು ಕಟ್ಟುವುದು ಎಂದು ಅಯ್ಯಪ್ಪ ಗೋವಾದಲ್ಲಿ ಒಮ್ಮೆಯೂ ಕಟ್ಟಿ ನೋಡಿರಲಿಲ್ಲ.

"ಲಾಕೇ ಇಲ್ಲಲ್ಲೋ ಇದಕ್ಕ!" ಅಂದೆ. ದನಿಯಲ್ಲಿ ಖುಷಿ ಬಂದುಬಿಟ್ಟಿತೇನೋ, ಗಂಡನ ಜೊತೆ ಬಂದಿದ್ದ ಲಾಲಮ್ಮ ನನ್ನ ಮುಖ ನೋಡಿದಳು.

ಪಕ್ಕದ ಮನೆಯ ಚಮನಬೀ ಜಂಪರ್ ಹೊಲಿಯುವುದು ಬಿಟ್ಟು ಎದ್ದು ಬಂದಳು. "ದೇವಕ್ಕಾ, ನಿನ್ನ ಅಳಿಯ ಸೀಟಿನ್ಯಾಗ ಏನು ಹುಡಕಾಕತ್ತಾನ? ಬಂಗಾರ ಹುಗದಾನೇನು?"

ಅಯ್ಯಪ್ಪನ ಕೈಗೆ ಕವರಿನ ಕೆಳಗೆ ಏನೋ ಗಟ್ಟಿಯಾದದ್ದು ಸಿಕ್ಕಿತು. "ಅತ್ತಿ, ತಟಗ ಕತ್ತರಿ ಕೊಡ್ರಿ."

"ನಮ್ಮನ್ಯಾಗ ಕತ್ತರಿ ಇಲ್ಲ."

ಅಂಗನವಾಡಿ ಟೀಚರಮ್ಮನ ಮನೆಯಲ್ಲಿ ಕತ್ತರಿ ಇಲ್ಲವೆಂದರೆ ಯಾರು ನಂಬಬೇಕು? ಆದರೆ ಚಮನಬೀ ನಂಬಿದಳು. "ನನ್ನ ಹಂತ್ಯಾಕ ಅದ ತಡಿಯಪ್ಪ, ತಂದ್ನಿ" ಎಂದು ಓಡಿಯೇಬಿಟ್ಟಳು. ಕೆಲವರಿಗೆ ಉಪಕಾರ ಮಾಡುವುದಕ್ಕೆ ಹೊತ್ತುಗೊತ್ತು ಇರುವುದಿಲ್ಲ. ರೆಕ್ಸಿನ್ ಚರ್ರನೆ ಹರಿಯಿತು, ಲಾಕು ಹೊರಗೆ ಬಂತು. ನಾನು ಚಮನಬೀಯನ್ನು ಸುಡುವ ಹಾಗೆ ನೋಡಿದೆ. ಅವಳು ಹಲ್ಲು ಕಿರಿದು ನಕ್ಕಳು.

ಕುರ್ಚಿಯನ್ನು ಮತ್ತೆ ಇಡುವ ಮೊದಲು ನಾನು ತಡೆದೆ. ಹೋಗುವುದೇ ಖರೆಯಾದರೆ ಕೂಸಿನ ಕುರ್ಚಿ ಬರಿ ರೆಕ್ಸಿನ್ನಿನ ಮೇಲೆ ಕೂಡಬೇಕೇ? ತೊಟ್ಟಿಲಿರಲಿ, ಬಂಡಿ ಇರಲಿ, ಬಸ್ಸಿನ ಸೀಟಿರಲಿ, ಕೆಳಗೆ ಕೌದಿ ಹಾಸದೆ ನಾವು ಕೂಸನ್ನು ಕೂಡಿಸುವವರಲ್ಲ. ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ನಾನೇ ಹೊಲಿದ ಕೌದಿಯನ್ನು ತಂದು ಮಡಚಿ ಸೀಟಿನ ಮೇಲೆ ಹಾಸಿದೆ, ಬೆನ್ನಿನ ಕಡೆಗೂ ಮೇಲೆ ಏರಿಸಿದೆ. "ಕುರ್ಚಿನೂ ಮೆತ್ತಗ ಕುಂದ್ರಲಿ," ಅಂದೆ. ಇದರಲ್ಲಿ ಯಾವ ಮೋಸವೂ ಇರಲಿಲ್ಲ. ಅಯ್ಯಪ್ಪನೂ ಬೇಡ ಅನ್ನಲಿಲ್ಲ, ಅವನೂ ನನ್ನ ಕೌದಿಯ ಮೇಲೆಯೇ ಬೆಳೆದವನು.

ಅವನು ಕುರ್ಚಿ ಇಟ್ಟು, ಬೆಲ್ಟನ್ನು ಅದರ ಬೆನ್ನಿನ ಸಂದಿಯಲ್ಲಿ ತೂರಿಸಿ, ಲಾಕು ಹಾಕಿ ಎಳೆದ. ಆಮೇಲೆ ಬುಡ ಹಿಡಿದು ಜಗ್ಗಿ ನೋಡಿದ. ಕುರ್ಚಿ ಆ ಕಡೆ ಈ ಕಡೆ ವಾಲಾಡಿತು.

"ಒಂದು ಬಟ್ಟಿನಷ್ಟೂ ಸರೀಬಾರ್ದು ಅಂತ ಕುರ್ಚಿ ಕೊಟ್ಟಾಕಿ ಹೇಳ್ಯಾಳ್ರಿ," ಅಂದಳು ಲಾಲಮ್ಮ. "ಅಲ್ಲಾಡಿದ್ರ ಕಟ್ಟಿದ್ರೂ ಕಟ್ಟದಂಗಂತ."

ಬಿಚ್ಚಿದ, ಮತ್ತೆ ಕಟ್ಟಿದ. ಮೊಣಕಾಲು ಊರಿ ಎಳೆದ. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತು. ಕುರ್ಚಿ ಮಾತ್ರ ಅಂಗೈಯಗಲ ಸರಿಯುತ್ತಲೇ ಇತ್ತು. ನನಗೆ ತಡೆಯಲಾಗಲಿಲ್ಲ, "ಸರಿ, ನಾ ನೋಡ್ತೇನಿ" ಎಂದು ತಲೆ ಒಳಗೆ ಹಾಕಿ ನಾನೇ ಬುಡ ಹಿಡಿದು ಜಗ್ಗಿದೆ. ಅಲ್ಲಾಡಿತು! ಇನ್ನೊಮ್ಮೆ ಜಗ್ಗಿದೆ, ಇನ್ನೂ ಚೆನ್ನಾಗಿ ಅಲ್ಲಾಡಿತು. ಆಗಲೇ ನನ್ನ ಬೆರಳಿಗೆ ಗೊತ್ತಾಯಿತು. ಒತ್ತಿದಾಗ ಕೌದಿ ಕೆಳಗೆ ಕುಗ್ಗುತ್ತಿತ್ತು, ಬಿಟ್ಟಾಗ ಮೇಲೆ ಏಳುತ್ತಿತ್ತು, ಅಷ್ಟರಲ್ಲಿ ಬೆಲ್ಟು ಸಡಿಲಾಗುತ್ತಿತ್ತು. ಕೌದಿಯನ್ನು ತೆಗೆದರೆ ಕುರ್ಚಿ ಕೂಡುತ್ತದೆ.

ನಾನು ಬಾಯಿ ಬಿಡಲಿಲ್ಲ. ಯಾಕೆ ಬಿಡಬೇಕು? ಅಷ್ಟು ದಿನ ನನ್ನ ಮಾತು ಕೇಳಿದವರು ಯಾರು?

"ಇದು ಕೂಡಂಗಿಲ್ಲ ಬಿಡೋ," ಅಂದೆ, ಆದಷ್ಟು ಮೆತ್ತಗೆ. "ಆ ಕಾರಿಗೂ ಇದಕ್ಕೂ ಹೊಂದಂಗಿಲ್ಲ."

ಅಯ್ಯಪ್ಪ ಕಟ್ಟೆಯ ಮೇಲೆ ಕೂತು ಎರಡೂ ಕೈಯಿಂದ ಮುಖ ಒರೆಸಿಕೊಂಡ. "ಹಂಗಾದ್ರ ಸದ್ಯಕ್ಕ ಇರ್ಲಿ ಅತ್ತಿ. ದೀಪಾವಳಿಗಿ ಬಂದು ನೋಡ್ತೇನಿ," ಅಂದ.

ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಳಗೆ ಹೋಗಿ ಬೇಳೆ ಬೇಯಲು ಇಟ್ಟೆ. ಹೋಳಿಗೆ ಮಾಡಬೇಕು, ಹೊಟ್ಟೆ ತುಂಬ ಉಣಿಸಿ ಇಬ್ಬರನ್ನೂ ಕಳಿಸಬೇಕು ಎಂದುಕೊಂಡೆ. ಆ ಹೊತ್ತಿನಲ್ಲಿ ಲಾಲಮ್ಮನ ಮೇಲೆ ಸಹ ಅಕ್ಕರೆ ಬಂತು. ಮೌನಿಗೆ ಬೆಲ್ಲದ ತುಣುಕು ಕೊಟ್ಟೆ. "ನೀ ಎಲ್ಲೂ ಹೋಗಂಗಿಲ್ಲ, ನನ್ನ ರಾಣಿ," ಅಂದೆ. ಅವಳು ಬಾಯಿ ತುಂಬಿಕೊಂಡು ತಲೆ ಆಡಿಸಿ ಅಂಗಳಕ್ಕೆ ಓಡಿದಳು.

ಹೊರಗೆ ಲಾಲಮ್ಮನ ದನಿ ಕೇಳಿತು. ಜೋರಾಗಿ ಮಾತಾಡುವವಳಲ್ಲ ಅವಳು, ಅವತ್ತು ಮಾತಾಡುತ್ತಿದ್ದಳು. "ದೀಪಾವಳಿಗಿ ರಜಾ ಕೊಡ್ತಾರೇನ್ರಿ ನಿಮಗ? ಹೋದ ಸಲನೂ ಹಿಂಗ ಅಂದ್ರಿ. ಕೂಸು ನಿಮ್ಮನ್ನ ಕಾಕಾ ಅಂತದ. ಇನ್ನೊಂದು ವರ್ಷ ಬಿಟ್ರ ಯಾರು ನೀ ಅಂತದ. ನಾ ಉಡ್ಯಾಗ ಹಿಡ್ಕೋತೇನ್ರಿ. ಜೀವ ಹೋದ್ರೂ ಕೈ ಬಿಡಂಗಿಲ್ಲ."

"ಉಡಿ ಮಾತು ಆಡಬ್ಯಾಡ ಲಾಲಿ."

"ಮತ್ತ ಹಿಂಗ ಬಿಟ್ಟೇ ಹೋಗೂದೇನ್ರಿ? ಅದೂ ಬ್ಯಾಡ, ಇದೂ ಬ್ಯಾಡ ಅಂದ್ರ ನಿಮಗ ಮಗಳು ಬೇಕೋ ಬ್ಯಾಡೋ?"

ನಾನು ಸೌಟು ಹಿಡಿದು ನಿಂತಲ್ಲೇ ನಿಂತೆ. ಆಮೇಲೆ ಕಾರಿನ ಬಾಗಿಲು ತೆರೆದ ಸಪ್ಪಳವಾಯಿತು. "ಹತ್ತು," ಅಂದ ಅಯ್ಯಪ್ಪ. "ಮೆಲ್ಲಕ ಹೊಡೀತೇನಿ."

ನಾನು ಓಡಿ ಬಂದೆ. ಲಾಲಮ್ಮ ಮುಂದಿನ ಸೀಟಿನಲ್ಲಿ ಕೂತು ಸೆರಗು ಸರಿಪಡಿಸಿಕೊಂಡು ಮೌನಿಯನ್ನು ಉಡಿಯಲ್ಲಿ ಇಟ್ಟುಕೊಂಡಿದ್ದಳು. ಎರಡೂ ಕೈ ಬಿಗಿಯಾಗಿ ಕೂಸಿನ ಹೊಟ್ಟೆಯ ಸುತ್ತ. ಮಾನಮ್ಮನೂ ಹೀಗೆಯೇ ಹಿಡಿದಿದ್ದಳು, ಇದಕ್ಕಿಂತ ಬಿಗಿಯಾಗಿ ಹಿಡಿದಿದ್ದಳು, ಜೀಪು ಹೊರಡುವಾಗ ನಾನೇ ನೋಡಿದ್ದೇನೆ. ಕೂಸಿನ ಹಣೆ, ಅದರ ಮುಂದೆ ಗಾಜು, ನಡುವೆ ಏನೂ ಇಲ್ಲ. ಇವರು ಶಹಾಪುರ ದಾಟಬೇಕು, ಸುರಪುರ ದಾಟಬೇಕು, ಅದೇ ಕಾಲುವೆ, ಅದೇ ತಿರುವು, ತಿಂಥಣಿಯ ಸೇತುವೆ, ಆಮೇಲೆ ಗೋವಾದವರೆಗೂ ರಸ್ತೆಯೇ ರಸ್ತೆ.

ಒಂದು ಮಾತು ಆಡದೆ ಸುಮ್ಮನಿದ್ದರೆ ಕೂಸು ನನಗೆ ಉಳಿಯುತ್ತದೆ ಎಂದುಕೊಂಡಿದ್ದೆ. ಈಗ ಸುಮ್ಮನಿದ್ದರೂ ಹೋಗುತ್ತದೆ, ಮಾತಾಡಿದರೂ ಹೋಗುತ್ತದೆ. ಇದೆಂಥ ನ್ಯಾಯವೋ ನನಗೆ ತಿಳಿಯಲಿಲ್ಲ, ಇವತ್ತಿಗೂ ತಿಳಿದಿಲ್ಲ.

"ಇಳಿ," ಅಂದೆ.

ಲಾಲಮ್ಮ ಕೂಸನ್ನು ಇನ್ನೂ ಅವುಚಿಕೊಂಡಳು. "ಬ್ಯಾಡ್ರಿ ಅತ್ತಿ, ನಿಮ್ಮ ಕಾಲಿಗಿ ಬೀಳ್ತೇನಿ, ಇಲ್ಲ ಅನಬ್ಯಾಡ್ರಿ."

"ಇಳಿಯಬೇ! ನಾ ಕಟ್ತೇನಿ ಕುರ್ಚಿ."

ಹಿಂದಿನ ಬಾಗಿಲು ತೆಗೆದು, ಲಾಕು ಬಿಚ್ಚಿ, ಕುರ್ಚಿಯನ್ನು ಎತ್ತಿ ಕೌದಿಯನ್ನು ಎಳೆದು ಅಂಗಳಕ್ಕೆ ಒಗೆದೆ. ಅಯ್ಯಪ್ಪ ಕೌದಿಯನ್ನು ನೋಡಿದ, ನನ್ನನ್ನು ನೋಡಿದ. ಅವನಿಗೆ ಎಲ್ಲ ತಿಳಿಯಿತು. "ಅತ್ತಿ, ನಿಮಗ ಮೊದಲೇ..." ಎಂದು ಶುರು ಮಾಡಿದ.

"ಬಾಯಿ ಮುಚ್ಕೊಂಡು ಬೆಲ್ಟ್ ಜಗ್ಗು," ಅಂದೆ.

ಕುರ್ಚಿಯನ್ನು ಬರಿ ಸೀಟಿನ ಮೇಲೆ ಇಟ್ಟು, ಎರಡೂ ಮೊಣಕಾಲು ಅದರೊಳಗೆ ಊರಿ ನನ್ನ ಇಡೀ ಭಾರ ಬಿಟ್ಟೆ. ತಲೆ ಕಾರಿನ ಸೂರಿಗೆ ಬಡಿಯಿತು. ಅಯ್ಯಪ್ಪ ಎಳೆದ, ನಾನು ಒತ್ತಿದೆ. "ಇನ್ನಾ ಜಗ್ಗು, ಉಂಡಿಲ್ಲೇನು?" ಅಂದೆ. ಅವನು ಎಳೆದ. ಕೆಳಗಿಳಿದು ಬುಡ ಹಿಡಿದು ಜಗ್ಗಿದೆ. ಕಾರು ಅಲ್ಲಾಡಿತು, ಕುರ್ಚಿ ಅಲ್ಲಾಡಲಿಲ್ಲ. ಮತ್ತೆ ಜಗ್ಗಿದೆ, ಕಾಲು ಕೊಟ್ಟು ಜಗ್ಗಿದೆ, ಅಲ್ಲಾಡು ಹಾಳಾದ್ದೇ ಎಂದು ಮನಸ್ಸಿನಲ್ಲಿ ಬೇಡಿಕೊಂಡು ಜಗ್ಗಿದೆ. ಅಲ್ಲಾಡಲಿಲ್ಲ.

"ಬಸ್ ಮಾಡು ದೇವಕ್ಕಾ," ಎಂದು ಚಮನಬೀ ನನ್ನ ರಟ್ಟೆ ಹಿಡಿದಳು. ಅವಳ ಕಣ್ಣು ತುಂಬಿತ್ತು. ನನ್ನ ಕಣ್ಣಿನಲ್ಲಿ ಏನೂ ಇರಲಿಲ್ಲ.

ಮೌನಿಯನ್ನು ನಾನೇ ಎತ್ತಿ ಕೂಡಿಸಿದೆ. ಬೇರೆ ಯಾರು ಕೂಡಿಸಿದ್ದರೂ ಅತ್ತುಬಿಡುತ್ತಿದ್ದಳು. ನನ್ನ ಕೈ ಎಂದು ಸುಮ್ಮನೆ ಕೂತಳು. ಹೊಸ ಆಟ ಎಂದುಕೊಂಡು ಒಂದೊಂದೇ ಕೈಯನ್ನು ತಾನಾಗಿಯೇ ಪಟ್ಟಿಯೊಳಗೆ ತೂರಿಸಿದಳು. ಲಾಲಮ್ಮ ತೋರಿಸಿದ ಹಾಗೆ ಪಟ್ಟಿಗಳನ್ನು ಕೂಡಿಸಿ ಲಾಕು ಹಾಕಿದೆ, ಪಟ್ಟಿ ಬಿಗಿಯಲು ಮುಂದೆ ಇಳಿಬಿಟ್ಟಿದ್ದ ದಾರ ಹಿಡಿದು ಎಳೆದೆ, ಹೆಗಲ ಮೇಲೆ ಬೆರಳು ತೂರದಷ್ಟು ಎಳೆದೆ. ಆಗ ಅವಳ ನಗು ನಿಂತಿತು.

"ಆಯಿ, ಬಿಚ್ಚ."

"ಬಿಚ್ಚಬಾರ್ದವ್ವ. ಗಾಡಿ ಓಡ್ತದಲ್ಲ."

"ನೀನೂ ಕುಂದ್ರು ಬಾ."

"ನಾ ಆಮ್ಯಾಲ ಬರ್ತೇನಿ," ಅಂದೆ. ಎರಡೂವರೆ ವರ್ಷದ ಕೂಸಿಗೆ ಸುಳ್ಳು ಗೊತ್ತಾಗುವುದಿಲ್ಲ ಎಂದು ಹೇಳುವವರು ಕೂಸನ್ನು ಸಾಕಿದವರಲ್ಲ. ಅವಳು ಅಪ್ಪನನ್ನು ನೋಡಲಿಲ್ಲ, ಲಾಲಮ್ಮನನ್ನು ನೋಡಲಿಲ್ಲ. ನನ್ನ ಎರಡೂ ಕೈಯನ್ನು ನೋಡಿದಳು. ಕೆಂಪು ಗುಂಡಿಯನ್ನು ತನ್ನ ಸಣ್ಣ ಹೆಬ್ಬೆರಳಿನಿಂದ ಒತ್ತಿದಳು. ಅದು ಮಕ್ಕಳ ಕೈಗೆ ಬಗ್ಗುವ ಗುಂಡಿಯಲ್ಲ.

"ನೀ ಯಾಕ ಕಟ್ಟಿದಿ?" ಎಂದು ಕೇಳಿದಳು.

ಅಯ್ಯಪ್ಪ ಬಾಗಿಲು ಹಾಕಿ, ನನ್ನ ಕಾಲಿಗೆ ನಮಸ್ಕಾರ ಮಾಡಿ, ತಲೆ ಎತ್ತದೆ ಹೋಗಿ ಸ್ಟೇರಿಂಗಿನ ಹಿಂದೆ ಕೂತ. ಲಾಲಮ್ಮ ಹಿಂದೆಯೇ ಕೂಸಿನ ಪಕ್ಕಕ್ಕೆ ಕೂತಳು. ಒಳಗೆ ಬೇಳೆ ಸೀದ ವಾಸನೆ ಬರುತ್ತಿತ್ತು, ಯಾರೂ ಅದನ್ನು ಇಳಿಸಲು ಹೋಗಲಿಲ್ಲ.

ಕಾರು ಓಣಿ ದಾಟುವಾಗ ನಾನು ಹಿಂದೆ ಹಿಂದೆ ನಡೆದೆ. ಗಾಜಿನೊಳಗಿಂದ "ಆಯೀ, ಆಯೀ" ಎಂದು ಕೂಗುವುದು ಕೇಳುತ್ತಿತ್ತು. ಒಮ್ಮೆ ಹೊರಳಿ ನೋಡಲಿ, ಮುಖ ಕಾಣಲಿ, ಕೈಯಾದರೂ ಮಾಡುತ್ತೇನೆ ಎಂದು ಹಿಂದಿನ ಗಾಜನ್ನೇ ನೋಡುತ್ತ ನಡೆದೆ. ಕಪ್ಪು ಕುರ್ಚಿಯ ಬೆನ್ನು ಮಾತ್ರ ಕಂಡಿತು. ಅದರ ಒಂದು ಕಡೆಯಿಂದ ಸಣ್ಣ ಕೈಯೊಂದು ಹೊರಗೆ ಬಂದು, ಹಿಡಿಯಲು ಏನೂ ಸಿಗದೆ ಬೆರಳು ಮಡಚಿತು. ಅವಳು ಹೊರಳಲು ನೋಡುತ್ತಿದ್ದಳು. ಹೊರಳಲು ಆಗಲಿಲ್ಲ, ನಾನು ಅಷ್ಟು ಬಿಗಿದಿದ್ದೆ.