ವೈರೆಳೆದ ದಿನ

ಕೋಮಲಾ ಶಟರನ್ನು ಮೊಣಕಾಲೆತ್ತರಕ್ಕೆ ಎತ್ತುವಷ್ಟರಲ್ಲಿ ಹೊರಗಿನಿಂದ ಎರಡು ಕೈಗಳು ಬಂದು ಉಳಿದದ್ದನ್ನು ಎತ್ತಿದವು.

"ತೆಗಿತೀಯೋ ಇಲ್ವೋ ಅನ್ಕೊಂಡೇ ಬಂದೆ ಕಣವ್ವಾ," ಎಂದ ಈರಣ್ಣ, ಚಪ್ಪಲಿ ಬಿಡುತ್ತಾ. "ಒಂದು ಪಹಣಿ ಬೇಕಿತ್ತು."

ನಿನ್ನೆ ಗಂಡನ ತಿಥಿಯ ಶಿವಗಣಾರಾಧನೆ ಮುಗಿಸಿಕೊಂಡು ನೆಂಟರೆಲ್ಲ ಹೊರಟುಹೋಗಿದ್ದರು. ಬೀರೂರಿನ ರಸ್ತೆಯಲ್ಲಿ ಬೈಕಿನಿಂದ ಬಿದ್ದ ರುದ್ರಮೂರ್ತಿ ಮನೆಗೆ ಜೀವಂತ ಮರಳಲಿಲ್ಲ. ಅವನು ನಡೆಸುತ್ತಿದ್ದ ಈ ಮುಂದಿನ ಕೋಣೆಯಲ್ಲಿ ನಾಲ್ಕು ಕಂಪ್ಯೂಟರುಗಳೂ ಒಂದು ಪ್ರಿಂಟರೂ ಗೋಡೆಗಾನಿಸಿದ ಉದ್ದನೆಯ ಬೆಂಚೂ ಹಾಗೇ ಇದ್ದವು. ಸಖರಾಯಪಟ್ಟಣದ ಜನ ಅರ್ಜಿ ಹಾಕಿಸಲು ಬರುತ್ತಿದ್ದದ್ದು ಇಲ್ಲಿಗೇ.

ಬೆಳಿಗ್ಗೆ ಕಾಫಿ ಕುಡಿಯುವಾಗ ಮಾವ ತೀರ್ಥಪ್ಪ ಲೋಟದೊಳಗೆ ನೋಡುತ್ತಲೇ ಹೇಳಿದ್ದರು. "ಗೊಬ್ಬರದಂಗ್ಡಿಯೋರು ಆ ರೂಮು ಬಾಡಿಗೆಗೆ ಕೇಳ್ತಾವ್ರೆ. ಸಂಜೆ ಫೋನ್ ಮಾಡ್ತಾರಂತೆ. ನೀನೊಬ್ಳೇ ಇದ್ನ ನಡೆಸೋಕಾಗ್ತದಾ?"

"ಸಂಜೆವರೆಗೂ ಏನೂ ಹೇಳ್ಬೇಡಿ ಮಾವ," ಎಂದಿದ್ದಳು.

ಈರಣ್ಣನ ಹಿಂದೆಯೇ ಭವ್ಯ, ನಿಖಿತಾ ಬಂದರು. ಕಡೂರಿನ ಕಾಲೇಜಿನ ಹುಡುಗಿಯರು. ವಿದ್ಯಾರ್ಥಿವೇತನದ ಅರ್ಜಿಗೆ ಇವತ್ತೇ ಕೊನೆ. ಕೋಮಲಾ ಮೂರು ಕಂಪ್ಯೂಟರುಗಳಲ್ಲಿ ಪುಟ ತೆರೆದಳು. ಮೂರರಲ್ಲೂ ಸಣ್ಣ ಚಕ್ರ ಸುತ್ತತೊಡಗಿತು. ಸುತ್ತುತ್ತಲೇ ಇತ್ತು. ಬೆಂಚಿನ ಮೇಲಿದ್ದವರು ಚಕ್ರವನ್ನು ನೋಡಿದರು, ಕೋಮಲಾಳನ್ನು ನೋಡಿದರು. ಅವಳು ಪುಟವನ್ನು ಮತ್ತೆ ತೆರೆದಳು.

"ರುದ್ರಣ್ಣ ಇದ್ದಿದ್ರೆ ಇಷ್ಟೊತ್ಗೆ ನನ್ ಮದ್ವೆ ವಿಷ್ಯ ಎತ್ತಿ ಎಲ್ರೂ ನಗೋ ಹಂಗೆ ಮಾಡಿರೋನು," ಎಂದ ಈರಣ್ಣ. ಹೇಳಿದ ಮೇಲೆ ತಪ್ಪಾಯಿತೇನೋ ಅನ್ನಿಸಿ ತಲೆ ಕೆರೆದುಕೊಂಡ. "ತೋಟದಲ್ಲಿ ಮೋಟ್ರು ಹಾಕಿ ಬಂದೀನಿ. ಆಮೇಲ್ ಬತ್ತೀನಿ ಬಿಡವ್ವಾ."

ಸ್ವಲ್ಪ ಹೊತ್ತಿಗೆ ಹುಡುಗಿಯರೂ ಎದ್ದರು. "ಬೇಜಾರ್ ಮಾಡ್ಕೋಬೇಡಿ ಅಕ್ಕಾ, ಬಸ್‌ಸ್ಟ್ಯಾಂಡ್ ಹತ್ರ ಒಂದ್ಸಲ ನೋಡ್ತೀವಿ."

ಬೆಂಚು ಖಾಲಿಯಾಯಿತು. ಒಳಬಾಗಿಲಲ್ಲಿ ನಿಂತಿದ್ದ ತೀರ್ಥಪ್ಪ ಅದನ್ನು ನೋಡಿ ಒಳಗೆ ಹೋದರು.

ಇಂಟರ್ನೆಟ್ಟು ನಿಧಾನವಿದ್ದದ್ದು ಇವತ್ತಿನಿಂದಲ್ಲ. ರುದ್ರಮೂರ್ತಿಯ ಮಾತಿನಲ್ಲಿ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅಷ್ಟೆ. ಅವನ ಹಾಗೆ ಮಾತಾಡುವುದು ತನ್ನಿಂದಾಗದು. ಆದರೆ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಎಂ.ಎಸ್ಸಿ. ಓದಿದವಳಲ್ಲವೇ ತಾನು.

ಎರಡನ್ನು ಆರಿಸಿ ಒಂದನ್ನೇ ಉಳಿಸಿದಳು. ಪುಟ ತೆರೆಯಿತು. ಎರಡನೆಯದನ್ನು ಹಚ್ಚಿದಾಗ ಎರಡೂ ತೆವಳಿದವು. ಮೊಬೈಲು ಹಿಡಿದು ನಡುಮನೆಗೆ ಹೋಗಿ ರೂಟರಿನ ಪಕ್ಕದಲ್ಲೇ ನಿಂತು ನೋಡಿದಳು. ಅಲ್ಲಿ ಸರಸರನೆ ಓಡುತ್ತಿತ್ತು. ಮನೆಗೆ ಬರುವುದು ಚೆನ್ನಾಗಿಯೇ ಬರುತ್ತಿದೆ. ಮೊಳದಪ್ಪದ ನಡುಗೋಡೆಯನ್ನು ದಾಟಿ, ಗಾಳಿಯಲ್ಲೇ ನಾಲ್ಕಕ್ಕೂ ಹಂಚಿಹೋಗುವಾಗ ಸೊರಗುತ್ತಿದೆ. ನಾಲ್ಕಕ್ಕೂ ವೈರು ಎಳೆದರೆ ಮುಗಿಯಿತು.

"ಅತ್ತೆ, ಏಣಿ ಎಲ್ಲಿದೆ?"

ಕರಿಬಸಮ್ಮ ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟರು. "ಏಣಿ ಯಾಕೇ?"

"ವೈರು ಎಳೀಬೇಕು."

"ಅಟ್ಟದ ಮೇಲೆ ಒಂದು ಸುರುಳಿ ಐತೆ ನೋಡು. ಅವ್ನೇ ತಂದಿಟ್ಟಿದ್ದ."

ನೀಲಿ ವೈರಿನ ಸುರುಳಿ ಕವರು ಬಿಚ್ಚದೆ ಇತ್ತು. ಪಕ್ಕದ ಡಬ್ಬದಲ್ಲಿ ವೈರಿನ ತುದಿಗೆ ಕೂರಿಸುವ ಪಿನ್ನುಗಳೂ, ಅವನ್ನು ಒತ್ತುವ ಇಕ್ಕಳವೂ ಇದ್ದವು.

"ಆ ಇಕ್ಕಳ ನಮ್ದಲ್ಲ ಕಣೇ, ಕೇಬಲ್ ಧನಪಾಲಂದು," ಎಂದರು ಕರಿಬಸಮ್ಮ, ಏಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. "ದೀಪಾವಳಿಗೆ ಮುಂಚೆ ಇಸ್ಕೊಂಬಂದ. ಎಳಿಯೋ ಎಳಿಯೋ ಅಂತ ನಾನೂ ಬಡ್ಕೊಂಡೆ. ಬೇಗ ಬೇಗ ಕೆಲ್ಸ ಆದ್ರೆ ನನ್ ಬೆಂಚಿನ ಮೇಲೆ ಯಾರವ್ವಾ ಕೂತ್ಕೊತಾರೆ ಅಂತಿದ್ದ."

ಏಣಿಯ ಮೇಲೆ ಕೋಮಲಾಳ ಕೈ ನಿಂತಿತು. ಕೆಳಗೆ ಅತ್ತೆ ಮೂಗೊರೆಸಿಕೊಂಡದ್ದು ಕೇಳಿಸಿತು.

"ನಿಂತ್ಕೊಂಡೇನ್ ಮಾಡ್ತೀಯ? ನನ್ ಕೈ ಸೋಲ್ತದೆ," ಎಂದರು ಕರಿಬಸಮ್ಮ.

ಗವಾಕ್ಷಿಯೊಳಗಿಂದ ನಾಲ್ಕು ವೈರುಗಳನ್ನು ತೂರಿಸಿ ಗೋಡೆಯಂಚಿಗೆ ಮೊಳೆ ಹೊಡೆದಳು. ಒಳಗಿನ ಎಂಟು ಎಳೆಗಳನ್ನು ಕಿತ್ತಳೆ, ಹಸಿರು, ನೀಲಿ, ಕಂದು, ಒಂದೊಂದಕ್ಕೂ ಬಿಳಿ ಬೆರೆತ ಜೊತೆ ಅಂತ ಸಾಲಾಗಿ ಜೋಡಿಸಿ, ತುದಿ ಕತ್ತರಿಸಿ, ಪಿನ್ನಿಗೆ ತೂರಿಸಿ ಇಕ್ಕಳದಲ್ಲಿ ಒತ್ತಿದಳು. ಮೊದಲನೆಯದಕ್ಕೆ ದೀಪ ಹತ್ತಲಿಲ್ಲ. ಕತ್ತರಿಸಿ ಎಸೆದು ಮತ್ತೆ ಜೋಡಿಸಿದಳು. ಹಸಿರು ದೀಪ ಹತ್ತಿ ಮಿಣಮಿಣನೆ ಮಿನುಗಿತು. ಉಳಿದವಕ್ಕೆ ಕೈ ತಾನಾಗಿ ಓಡಿತು.

ಮಧ್ಯಾಹ್ನ ಹುಡುಗಿಯರು ಬೆವರೊರೆಸಿಕೊಳ್ಳುತ್ತಾ ಮರಳಿದರು. "ಅಲ್ಲಿ ಕಾಲಿಡೋಕೂ ಜಾಗ ಇಲ್ಲ ಅಕ್ಕಾ."

"ಕೂತ್ಕೊಳ್ಳಿ."

ನಾಲ್ಕೂ ಒಟ್ಟಿಗೆ ಓಡಿದವು. ಭವ್ಯಳ ಅರ್ಜಿ ಹೋಯಿತು, ನಿಖಿತಾಳದೂ ಹೋಯಿತು. ಅವರು ಹೇಳಿಕಳಿಸಿದ ಗೆಳತಿಯರು ಬಂದರು, ಅವರದೂ ಆಯಿತು. ಈರಣ್ಣ ಬಂದು ಬೆಂಚಿನ ಮೇಲೆ ಕೂರುವ ಮೊದಲೇ ಪ್ರಿಂಟರು ಪಹಣಿ ಹೊರಹಾಕಿತು.

"ಅಷ್ಟೇನಾ?" ಎಂದ ಅವನು.

"ಅಷ್ಟೇ ಈರಣ್ಣ."

ಹಾಳೆ ಮಡಿಸಿ ಜೇಬಿಗಿಟ್ಟುಕೊಂಡರೂ ಅವನು ಹೋಗಲಿಲ್ಲ. ಬೆಂಚಿನ ತುದಿಯಲ್ಲಿ ಸ್ವಲ್ಪ ಹೊತ್ತು ಕೂತಿದ್ದು, ಆಮೇಲೆ ಚಪ್ಪಲಿ ಮೆಟ್ಟಿಕೊಂಡ.

ಸಂಜೆ ತೀರ್ಥಪ್ಪ ನಡುಮನೆಯಲ್ಲಿ ಗಟ್ಟಿಯಾಗಿ ಫೋನಿನಲ್ಲಿ ಮಾತಾಡುತ್ತಿದ್ದರು. "ಇಲ್ಲ ಸ್ವಾಮಿ, ರೂಮು ಖಾಲಿ ಇಲ್ಲ... ಇಲ್ಲ, ಮುಂದಕ್ಕೂ ಇಲ್ಲ. ನಮ್ ಸೊಸೆ ನಡೆಸ್ತಾವ್ಳೆ."

ಕೋಮಲಾ ಶಟರೆಳೆದು ಇಕ್ಕಳ ಹಿಡಿದುಕೊಂಡು ಹೊರಟಳು.

ಕೇಬಲ್ ಅಂಗಡಿಯಲ್ಲಿ ಧನಪಾಲ್ ಅವಳನ್ನು ಕಂಡು ಕುರ್ಚಿಯಿಂದ ಎದ್ದು ನಿಂತ. "ಹೇಳಿಕಳಿಸಿದ್ರೆ ನಾನೇ ಬತ್ತಿದ್ನಲ್ಲಮ್ಮ. ನಂತಾವ ಇನ್ನೊಂದೈತೆ, ಇದ್ನ ಇಟ್ಕೊಳ್ಳಿ."

"ಅವರು ಇಸ್ಕೊಂಡಿದ್ದು, ತಗೊಳ್ಳಿ. ನಾನು ಬೇರೆ ತರಿಸ್ಕೋತೀನಿ."

"ಕೆಲ್ಸ ಆಯ್ತಾ?"

"ಆಯ್ತು."

"ನಾಳೆ ತಂದ್ಕೊಡ್ತೀನಿ ಕಣೋ ಅಂತ ಹೇಳೋಕೇ ರುದ್ರಣ್ಣ ದಿನಾ ಬರೋನು," ಎಂದ ಧನಪಾಲ್. "ಬಂದ್ರೆ ಗಂಟೆಗಟ್ಲೆ ಕೂತಿರೋನು."

ಅವನು ಇಕ್ಕಳದ ಹಿಡಿಯನ್ನು ಒತ್ತಿ ಬಿಟ್ಟ. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ವೈರಿನ ಚೂರುಗಳು ಕೌಂಟರಿನ ಗಾಜಿನ ಮೇಲೆ ಉದುರಿದವು. ಒಂದು ಕಿತ್ತಳೆ, ಒಂದು ಹಸಿರು. ಫ್ಯಾನಿನ ಗಾಳಿಗೆ ಅವು ಅಂಚಿನವರೆಗೂ ಉರುಳಿ, ಅಲ್ಲೇ ನಿಂತವು.